ಮುಳುಗಿದ ಹಡಗು, ಮುಳುಗಿದ ಊರು

ಇಲ್ಲಿ ಏನೂ ಬರೆಯದೆ ಐದಾರು ತಿಂಗಳಾಯಿತು. "ಎಲ್ಲಿ ಮುಳುಗಿಹೋದೆ ಮಾರಾಯಾ?" ಅಂತ ಒಂದಿಬ್ಬರು ಗೆಳೆಯರು ಮೇಲ್ ಹಾಕಿ ಕೇಳಿದ್ದರು. ನಿಜ ಹೇಳಬೇಕೆಂದರೆ ಮುಳುಗಿಯೇ ಇದ್ದೆ, ಅದೂ ಇಪ್ಪತ್ತೈದು ಮೀಟರ್ ಆಳಕ್ಕೆ :) ಅದರ ಕಥೆ ಬರೆಯೋಣ ಅಂತ ಕೂತರೆ ಅದು ನಮ್ಮೂರಿನ ಕಥೆಯನ್ನೂ ಎಳೆದು ತರುತ್ತಿದೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂರಿ.

ಮೊದಲು ನಮ್ಮ ಕಡೆಯ ನೀರಿನ ವಿಷಯ. ಶ್ರೀರಂಗಪಟ್ಟಣ ಅಂದರೆ ದ್ವೀಪ. ಕಾವೇರಿ ಎರಡಾಗಿ ಸೀಳಿ ಊರನ್ನು ತಬ್ಬಿಕೊಂಡು ಮತ್ತೆ ಸಂಗಮದಲ್ಲಿ ಒಂದಾಗುತ್ತಾಳೆ. ಯಾವ ದಿಕ್ಕಿಗೆ ನಡೆದರೂ ನೀರು ಸಿಗುತ್ತೆ. ಇಂಥ ಊರಲ್ಲಿ ಹುಟ್ಟಿದವನಿಗೆ ಈಜು ತಾನಾಗೇ ಬಂದಿರಬೇಕು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ನಡೆದದ್ದು ಅದಕ್ಕೆ ಪೂರ್ತಿ ಉಲ್ಟಾ. "ಹೊಳೆ ಕಡೆ ಹೋದ್ರೆ ಕಾಲ್ ಮುರೀತೀನಿ" ಅನ್ನೋದು ಅವ್ವನ ದಿನನಿತ್ಯದ ಸುಪ್ರಭಾತ. ಅವಳ ಭಯಕ್ಕೆ ಕಾರಣಗಳೂ ಇದ್ದವು. ಸಂಗಮದಲ್ಲಿ ಸುಳಿಗೆ ಸಿಕ್ಕಿದವರ ಸುದ್ದಿ ಕೇಳುತ್ತಲೇ ಬೆಳೆದವರು ನಾವು. ಮೇಲ್ಗಡೆ ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುವ ಮೊಸಳೆಗಳನ್ನು ನೀವೂ ದೋಣಿಯಲ್ಲಿ ಕೂತು ನೋಡಿರುತ್ತೀರಿ. ಇನ್ನು ಪಶ್ಚಿಮವಾಹಿನಿ ಅಂದರೆ ಬೂದಿ ಬಿಡುವ ಜಾಗ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಅಲ್ಲೇ ಬಿಟ್ಟಿದ್ದು. ನಮ್ಮ ತಾತನದ್ದನ್ನೂ ಅಲ್ಲೇ ಬಿಟ್ಟೆವು. ಒಟ್ಟಿನಲ್ಲಿ ನೀರೊಳಗೆ ಹೋಗುವುದು ಸತ್ತವರ ಕೆಲಸ, ಬದುಕಿರೋರು ದಡದಲ್ಲಿ ನಿಂತು ಕೈ ಮುಗಿಯಬೇಕು ಅನ್ನುವ ಲೆಕ್ಕ.

ಇದರ ಮೇಲೆ ನಮ್ಮ ಮನೆತನಕ್ಕೆ ಇನ್ನೊಂದು ನೀರಿನ ನಂಟಿದೆ. ಅಪ್ಪ ಕೆಲಸಕ್ಕೆ ಅಂತ ಪಟ್ಟಣಕ್ಕೆ ಬಂದು ನೆಲೆಸಿದವರು. ಅವರ ಊರು ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿ. 'ಹೊಸ' ಅಂತಿದ್ದರೆ 'ಹಳೇದು' ಎಲ್ಲಿ ಅಂತ ಕೇಳಬೇಕಲ್ಲ? ಅದು ಕೆ.ಆರ್.ಎಸ್. ಕೆಳಗಿದೆ. 1911ರಲ್ಲಿ ಅಣೆಕಟ್ಟು ಕಟ್ಟಲು ಶುರು ಮಾಡಿದರು, ಪೂರ್ತಿ ಆಗುವ ಹೊತ್ತಿಗೆ 1930ರ ದಶಕ ಬಂದಿತ್ತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರುವ ತಗ್ಗಿನಲ್ಲಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಕನ್ನಂಬಾಡಿಯೂ ಒಂದು. ಇವತ್ತಿಗೂ ಜನ ಬಾಯಿತುಂಬ ಕರೆಯುವುದು 'ಕನ್ನಂಬಾಡಿ ಕಟ್ಟೆ' ಅಂತಲೇ. ಕಟ್ಟೆ ತನ್ನೊಳಗೆ ಮುಳುಗಿಸಿಕೊಂಡ ಊರಿನ ಹೆಸರನ್ನೇ ಇಟ್ಟುಕೊಂಡು ಬದುಕುತ್ತಿದೆ.

ಮಂಡ್ಯದ ಕಡೆಯವರಿಗೆ ಪೇಪರಿನಲ್ಲಿ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟ. 124.80 ಅಡಿ ಅಂದರೆ ಭರ್ತಿ, ನಾಲೆಗೆ ನೀರು ಗ್ಯಾರಂಟಿ, ಕಬ್ಬು ಭತ್ತ ಎರಡೂ ಬಚಾವ್. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. 2024ರ ಜುಲೈನಲ್ಲಿ ತುಂಬಿದಾಗ ಅಪ್ಪ ಮಗ ಹುಟ್ಟಿದ ಸುದ್ದಿ ಹೇಳುವ ದನಿಯಲ್ಲಿ ಫೋನ್ ಮಾಡಿದ್ದರು. ಆದರೆ ಅಜ್ಜಿ ಮಾತ್ರ ಮಟ್ಟ ಇಳಿದಾಗಲೂ ಅಷ್ಟೇ ಕುತೂಹಲದಿಂದ ಕೇಳೋಳು. ತೀರಾ ಬರ ಬಿದ್ದು ನೀರು ಹಿಂದಕ್ಕೆ ಸರಿದ ವರ್ಷಗಳಲ್ಲಿ ಹಳೇ ಊರಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಹೊಯ್ಸಳರ ಕಾಲದ ಕಲ್ಲು ಕಟ್ಟಡ, ಹಾಗಾಗಿ ದಶಕಗಟ್ಟಲೆ ನೀರಲ್ಲಿದ್ದರೂ ನಿಂತೇ ಇತ್ತು. ಜನ ಜಾತ್ರೆ ಥರ ನೋಡಲು ಹೋಗೋರಂತೆ. ಆಮೇಲೆ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಈಗ ಅದು ದೊಡ್ಡ ಪ್ರವಾಸಿ ತಾಣ, ವೀಕೆಂಡ್ ಆದರೆ ಬೆಂಗಳೂರಿನ ಕಾರುಗಳ ಸಾಲು.

ದೇವರು ಮೇಲೆ ಬಂದ, ಸರಿ. ಮನೆಗಳು? ಚಿಕ್ಕವನಿದ್ದಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ಹಿನ್ನೀರಿನ ದಡದಲ್ಲಿ ನಿಂತು, ಕೆಳಗೆ ನಮ್ಮ ಮನೆ ಹಾಗೇ ಇದೆ, ಜಗಲಿ ಇದೆ, ಒಲೆ ಇದೆ, ಒರಳುಕಲ್ಲು ಇದೆ, ಮೀನುಗಳು ಬಾಗಿಲಿನಿಂದ ಒಳಗೆ ಹೋಗಿ ಹಿತ್ತಲ ಕಡೆಯಿಂದ ಆಚೆ ಬರುತ್ತಿವೆ ಅಂತ ಕಲ್ಪಿಸಿಕೊಳ್ಳುತ್ತಿದ್ದೆ. ಇಂಜಿನಿಯರಿಂಗ್ ಓದಿ, ಕೋಡ್ ಬರೆಯುವ ಕೆಲಸಕ್ಕೆ ಸೇರಿ, ತಲೆಯಲ್ಲಿ ಬೇರೆ ಏನೇನೋ ತುಂಬಿಕೊಂಡ ಮೇಲೂ ಆ ಚಿತ್ರ ಹೋಗಿರಲಿಲ್ಲ.

ಈಜು ಕಲಿತದ್ದು ಮೈಸೂರಿನಲ್ಲಿ, ಕಾಲೇಜಿನ ದಿನಗಳಲ್ಲಿ, ಅವ್ವನಿಗೆ ಹೇಳದೆ. ಕೆಲಸಕ್ಕೆ ಸೇರಿದ ಮೇಲೆ ಟೀಮಿನವರ ಜೊತೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದೆ. ದಡದಿಂದ ದೋಣಿಯಲ್ಲಿ ಒಂದೂವರೆ ಗಂಟೆ ದೂರದ ಪುಟ್ಟ ದ್ವೀಪ ಅದು. ಒಂದು ಕಾಲಕ್ಕೆ ನೌಕಾಪಡೆಯವರು ಗುರಿ ಇಟ್ಟು ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿದ್ದರು. ಬೆಚ್ಚಗಿನ ನೀರು, ಬಣ್ಣಬಣ್ಣದ ಮೀನು, ಪಕ್ಕದಲ್ಲೇ ಕೈ ಹಿಡಿದುಕೊಂಡ ಗುರು. ಮೇಲೆ ಬಂದ ತಕ್ಷಣ ಇನ್ನೊಮ್ಮೆ ಇಳಿಯಬೇಕು ಅನ್ನಿಸಿತು. ಹುಚ್ಚು ಹತ್ತುವುದು ಹೀಗೇ ನೋಡಿ. ಪೂರ್ತಿ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡೆ.

ಅಷ್ಟರಲ್ಲಿ ಆಫೀಸಿನವರು ಗ್ಲಾಸ್ಗೋಗೆ ಕಳಿಸಿದರು. ಸ್ಕಾಟ್ಲೆಂಡಿನ ಆ ಮಳೆಯಲ್ಲಿ ಡೈವಿಂಗ್ ಕನಸು ಮುಗಿಯಿತು ಅಂದುಕೊಂಡೆ. ಅಲ್ಲಿಯವರು ನಕ್ಕರು. ಆ ಚಳಿಯಲ್ಲೇ ಅವರು ವಾರ ವಾರ ಸಮುದ್ರಕ್ಕೆ ಬೀಳುವ ಜನ. ಊರಿನ ಒಂದು ಡೈವಿಂಗ್ ಕ್ಲಬ್ಬಿಗೆ ಸೇರಿ ತಣ್ಣೀರಿನ ತರಬೇತಿ ಮುಗಿಸಿದೆ. 2024ರ ಸೆಪ್ಟೆಂಬರಿನಲ್ಲಿ ಅವರ ಜೊತೆ 'ಹಿಸ್ಪಾನಿಯಾ' ಅನ್ನುವ ಹಡಗನ್ನು ನೋಡಲು ಹೊರಟೆ.

ಪಶ್ಚಿಮ ಕರಾವಳಿಯಲ್ಲಿ ಮಲ್ ಅಂತ ಒಂದು ದ್ವೀಪ ಇದೆ. ಅದಕ್ಕೂ ಮುಖ್ಯ ನೆಲಕ್ಕೂ ನಡುವೆ ಉದ್ದನೆಯ ಜಲಸಂಧಿ, 'ಸೌಂಡ್ ಆಫ್ ಮಲ್'. ಚಂಡಮಾರುತ ಬಂದಾಗ ಹಡಗುಗಳು ಆಸರೆಗೆ ನುಗ್ಗುತ್ತಿದ್ದ ದಾರಿ ಅದು. ಹಾಗೆ ನುಗ್ಗಿ ಬಂಡೆಗೆ ಬಡಿದು ಕೂತವೂ ಹಲವು. ಅಲ್ಲಿನ ಟೊಬರ್ಮರಿ ಕೊಲ್ಲಿಯಲ್ಲಿ 1588ರಲ್ಲೇ ಸ್ಪೇನಿನ ಆರ್ಮಡಾದ ಒಂದು ಹಡಗು ಸಿಡಿದು ಮುಳುಗಿತ್ತು. ಅದರಲ್ಲಿ ಚಿನ್ನ ಇದೆ ಅಂತ ಜನ ಶತಮಾನಗಟ್ಟಲೆ ಕೆದಕಿದರು. ನಾವು ಹೊರಟ ಹಿಸ್ಪಾನಿಯಾದಲ್ಲಿ ಚಿನ್ನಗಿನ್ನ ಏನಿಲ್ಲ. 1912ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ ಕಟ್ಟಿದ, ಸ್ವೀಡನ್ ದೇಶದ ಸಾಧಾರಣ ಸರಕು ಹಡಗು. ಉದ್ದ ಸುಮಾರು 72 ಮೀಟರ್, ಅಂದರೆ ಟೈಟಾನಿಕ್‌ನ ಕಾಲುಭಾಗಕ್ಕೆ ಸ್ವಲ್ಪ ಜಾಸ್ತಿ. 1954ರ ಡಿಸೆಂಬರ್ 18ರ ರಾತ್ರಿ ಲಿವರ್‌ಪೂಲ್‌ನಿಂದ ಸ್ವೀಡನ್ನಿಗೆ ಉಕ್ಕು, ಕಲ್ನಾರು ಎಲ್ಲ ಹೇರಿಕೊಂಡು ಹೋಗುತ್ತಾ ಬಿರುಗಾಳಿಯಲ್ಲಿ ಬಂಡೆಗೆ ಬಡಿಯಿತು. ಸಿಬ್ಬಂದಿ ಎಲ್ಲ ದೋಣಿಗಳಿಗೆ ಇಳಿದು ಬದುಕಿಕೊಂಡರು. ಕ್ಯಾಪ್ಟನ್ ಇವಾನ್ ಡಾನ್ ಮಾತ್ರ ಇಳಿಯಲಿಲ್ಲ. ಎಷ್ಟು ಕರೆದರೂ ಬರಲಿಲ್ಲವಂತೆ, ಹಡಗಿನ ಜೊತೆಗೇ ಹೋದರು.

ಅಲ್ಲಿ ಇಳಿಯುವುದು ನೇತ್ರಾಣಿಯ ಹಾಗಲ್ಲ. ಸೆಪ್ಟೆಂಬರ್ ಅಂದರೆ ಅಲ್ಲಿನ ಸಮುದ್ರಕ್ಕೆ ಬೇಸಿಗೆಯ ಕೊನೆ, ಆದರೂ ನೀರು 13 ಡಿಗ್ರಿ ಆಸುಪಾಸು. ಮೈಗೆ ನೀರು ತಾಗದ ಡ್ರೈ ಸೂಟ್, ಒಳಗೆ ಉಣ್ಣೆಯ ಬಟ್ಟೆ, ಅದರ ಗಾಳಿ ತೇಲಿಸದಿರಲಿ ಅಂತ ಸೊಂಟಕ್ಕೆ ಸೀಸದ ತೂಕ, ಬೆನ್ನಿಗೆ ಸಿಲಿಂಡರ್. ಮೀನಿನಂತೆ ಹಗುರ ಅಂತ ಎಲ್ಲರೂ ಬರೆಯುತ್ತಾರೆ. ದೋಣಿಯ ಅಂಚಿನಲ್ಲಿ ಕೂತಾಗ ನನಗನ್ನಿಸಿದ್ದು ಗೊಬ್ಬರದ ಮೂಟೆ ಅಂತ. ಇನ್ನೊಂದು ತೊಡಕು ಹರಿವು. ಉಬ್ಬರ ಇಳಿತಕ್ಕೆ ಜಲಸಂಧಿಯಲ್ಲಿ ನೀರು ಹೊಳೆ ಥರ ಹರಿಯುತ್ತೆ. ಉಬ್ಬರ ಮುಗಿದು ಇಳಿತ ಶುರುವಾಗುವ ನಡುವೆ ಸ್ವಲ್ಪ ಹೊತ್ತು ನೀರು ಸುಮ್ಮನೆ ನಿಲ್ಲುತ್ತಲ್ಲ, ಆಗ ಮಾತ್ರ ಇಳಿಯಬೇಕು. ಕ್ಲಬ್ಬಿನ ಹಿರಿಯರು ಗಡಿಯಾರ, ಉಬ್ಬರದ ಪಟ್ಟಿ ಎರಡನ್ನೂ ಹಿಡಿದು ಕೂತಿದ್ದರು. ಪ್ರೊಡಕ್ಷನ್ ರಿಲೀಸ್ ದಿನ ನಮ್ಮ ಮ್ಯಾನೇಜರ್ ಕೂಡ ಅಷ್ಟು ಗಂಭೀರವಾಗಿರುವುದಿಲ್ಲ!

ಇಳಿಯಲು ಒಂದು ಹಗ್ಗ. ಹಿಡಿದುಕೊಂಡು ಕೆಳಗೆ ಹೋದಂತೆ ನೀರು ಹಸಿರಾಯಿತು, ಆಮೇಲೆ ಕಡು ಹಸಿರು. ನಮ್ಮ ಊರಿನ ಕಲ್ಯಾಣಿಯ ಬಣ್ಣ. ಎಂಟ್ಹತ್ತು ಮೀಟರಿನ ಆಚೆ ಏನೂ ಕಾಣುವುದಿಲ್ಲ. ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸುಳ್ಳೇಕೆ, ಆ ಹೊತ್ತಿಗೆ ಅವ್ವ ನೆನಪಾದಳು. ಕೆಳಗೆ ಕಪ್ಪಗೆ, ತುಕ್ಕು ಹಿಡಿದ, ಹೆಣದ ಹಾಗೆ ಬಿದ್ದಿರುವ ಹಡಗು ಕಾಣುತ್ತೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಮೊದಲು ಕಂಡದ್ದು ಬಿಳಿ. ಏನೋ ಬಿಳಿ ಬಿಳಿ ಸಾಲು. ಹತ್ತಿರ ಹೋದಂತೆ ಅದು ಹಡಗಿನ ಕಟಕಟೆ ಅಂತ ಗೊತ್ತಾಯಿತು. ಆದರೆ ಕಬ್ಬಿಣ ಎಲ್ಲೂ ಕಾಣುತ್ತಿಲ್ಲ! ಇಡೀ ಹಡಗಿನ ಮೈಮೇಲೆ ಪ್ಲೂಮೋಸ್ ಅನೆಮನಿ ಅನ್ನುವ ಜೀವಿಗಳು. ದಪ್ಪ ತೊಟ್ಟು, ಮೇಲೆ ಸೇವಂತಿಗೆಯ ಹಾಗೆ ನವಿರಾದ ಎಸಳು. ಟಾರ್ಚ್ ಹಾಕಿದರೆ ಕೆಲವು ಹಾಲಿನ ಬಿಳುಪು, ಕೆಲವು ಕಿತ್ತಳೆ. ಆ ಆಳದಲ್ಲಿ ಕೆಂಪು ಬೆಳಕು ಮೇಲಿನಿಂದ ತಲುಪುವುದಿಲ್ಲ, ಹಾಗಾಗಿ ಟಾರ್ಚ್ ಇಲ್ಲದಿದ್ದರೆ ಎಲ್ಲ ಹಸಿರು ಬೂದು. ಬೆಳಕು ಬಿದ್ದಲ್ಲಿ ಮಾತ್ರ ಒಂದು ಗುಂಡನೆಯ ತೋಟ ಹೊತ್ತಿಕೊಳ್ಳುತ್ತೆ, ಮುಂದೆ ಹೋದರೆ ಇನ್ನೊಂದು. ಅವುಗಳ ಪಕ್ಕ ಊದಿಕೊಂಡ ಬೆರಳುಗಳ ಹಾಗೆ ಗೊಂಚಲು ಗೊಂಚಲಾಗಿ ಬೆಳೆದ ಮೆತ್ತನೆಯ ಹವಳ. ಅದರ ಹೆಸರೇ 'ಸತ್ತವನ ಬೆರಳು' ಅಂತ. ಕ್ಯಾಪ್ಟನ್ ಕಥೆ ಗೊತ್ತಿದ್ದವನಿಗೆ ಅಲ್ಲಿ ಆ ಹೆಸರು ನೆನಪಾಗಬಾರದಿತ್ತು.

ಹಡಗು ಹೆಚ್ಚುಕಮ್ಮಿ ನೆಟ್ಟಗೇ ಕೂತಿದೆ, ಒಂದು ಕಡೆಗೆ ಸ್ವಲ್ಪ ವಾಲಿದೆ ಅಷ್ಟೇ. ಸರಕು ತುಂಬುವ ಗುಂಡಿಗಳು ಬಾಯ್ದೆರೆದುಕೊಂಡಿವೆ. ಕಬ್ಬಿಣದ ಸಂದಿಗಳಲ್ಲಿ ಏಡಿಗಳು. ನಮ್ಮ ಕಡೆ ನಳ್ಳಿ ಅಂತೀವಲ್ಲ, ಅದರ ದೊಡ್ಡಪ್ಪನಂಥವು, ಒಂದೊಂದೂ ಊಟದ ತಟ್ಟೆಯಷ್ಟಗಲ. (ಸಾರಿನ ಯೋಚನೆ ಬಂದದ್ದು ನಿಜ, ಆದರೆ ಅಲ್ಲಿ ಏನನ್ನೂ ಮುಟ್ಟುವಂತಿಲ್ಲ.) ಒಂದು ಕೊಳವೆಯೊಳಗಿಂದ ಹಾವುಮೀನೊಂದು ತಲೆ ಮಾತ್ರ ಆಚೆ ಹಾಕಿ ಮನೆ ಯಜಮಾನನ ಹಾಗೆ ನೋಡುತ್ತಿತ್ತು. ರಾಸ್ ಅನ್ನುವ ದಪ್ಪ ತುಟಿಯ ಮೀನೊಂದು ನಮ್ಮ ಹಿಂದೆಯೇ ಬಂತು. ಅದರ ಜಾತಿಯಲ್ಲಿ ಎಲ್ಲವೂ ಹೆಣ್ಣಾಗಿ ಹುಟ್ಟಿ, ದೊಡ್ಡವಾದ ಮೇಲೆ ಕೆಲವು ಗಂಡಾಗುತ್ತವಂತೆ.

ನನ್ನ ಜೊತೆಗಾರ ಒಂದು ಕಡೆ ಕೈ ತೋರಿಸಿದ. ನಿಯಂತ್ರಣದ ಕೋಣೆ ಇದ್ದ ಜಾಗದ ಕಡೆ. ಕೋಣೆ ಈಗಿಲ್ಲ. ಅಲ್ಲೂ ಅನೆಮನಿಗಳು, ನಿಂತ ನೀರಿನಲ್ಲಿ ಅಲ್ಲಾಡದೆ ಎಸಳು ಬಿಚ್ಚಿಕೊಂಡು. ನಾನು ಅಲ್ಲೇ ತೇಲುತ್ತಾ ನಿಂತೆ. ಎಪ್ಪತ್ತು ವರ್ಷದ ಹಿಂದೆ ಒಬ್ಬ ಮನುಷ್ಯ "ನಾನು ಬರಲ್ಲ" ಅಂದ ಜಾಗ. ನಮ್ಮೂರಿನವರ ಅಭ್ಯಾಸದಂತೆ ಕೈ ಮುಗಿಯೋಣ ಅಂದುಕೊಂಡೆ, ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಗೇಜ್. ಟಾರ್ಚ್ ತಗ್ಗಿಸಿದೆ. ಅಷ್ಟೇ ಆಗಿದ್ದು. ಆ ಆಳದಲ್ಲಿ ಒತ್ತಡ ಮೇಲಿನದರ ಮೂರೂವರೆ ಪಟ್ಟು, ಹಾಗಾಗಿ ಸಿಲಿಂಡರಿನ ಗಾಳಿಯೂ ಮೂರೂವರೆ ಪಟ್ಟು ಬೇಗ ಖಾಲಿ. ಜಾಸ್ತಿ ಹೊತ್ತು ಇದ್ದರೆ ರಕ್ತದಲ್ಲಿ ಸಾರಜನಕ ಕರಗಿ ಮೇಲೆ ಬರುವಾಗ ಅಪಾಯ. ಸುಮಾರು ಇಪ್ಪತ್ತೈದು ನಿಮಿಷ ನಮ್ಮ ಪಾಲು. ಹರಿವು ಮತ್ತೆ ಶುರುವಾಗಿ ಎಸಳುಗಳೆಲ್ಲ ಒಂದೇ ದಿಕ್ಕಿಗೆ ಬಾಗತೊಡಗಿದಾಗ ಹಗ್ಗ ಹಿಡಿದು ನಿಧಾನಕ್ಕೆ ಮೇಲೆ ಹೊರಟೆವು.

ದೋಣಿಯಲ್ಲಿ ನಡುಗುತ್ತಾ ಟೀ ಕುಡಿಯುವಾಗ ಕೇಳಿದೆ, ಇಷ್ಟು ತಣ್ಣನೆಯ ನೀರಿನಲ್ಲಿ ಇಷ್ಟೊಂದು ಜೀವ ಹೇಗೆ ಅಂತ. ಉತ್ತರ ಸರಳ. ಇವುಗಳ ಮರಿಗಳೆಲ್ಲ ಕಣ್ಣಿಗೆ ಕಾಣದಷ್ಟು ಚಿಕ್ಕವಾಗಿ ನೀರಲ್ಲಿ ತೇಲುತ್ತಿರುತ್ತವೆ. ಬೇರೂರಲು ಒಂದು ಗಟ್ಟಿ ಜಾಗ ಬೇಕು. ಮೆತ್ತನೆಯ ಕೆಸರು ತಳದಲ್ಲಿ ಅದು ಸಿಗುವುದಿಲ್ಲ. ಅಲ್ಲೊಂದು ಉಕ್ಕಿನ ಗೋಡೆ ಎದ್ದು ನಿಂತರೆ ಹಿಡಿದುಕೊಳ್ಳುತ್ತವೆ. ಇಳಿಯಲು ನಮಗೆ ಅಡ್ಡಿಯಾದ ಅದೇ ಹರಿವು ಅವಕ್ಕೆ ದಿನವಿಡೀ ಊಟ ಹೊತ್ತು ತರುತ್ತೆ. ತಣ್ಣೀರಿನಲ್ಲಿ ಆಮ್ಲಜನಕವೂ ಜಾಸ್ತಿ ಕರಗುತ್ತೆ. ಆಮೇಲೆ ಏಡಿ, ಮೀನು, ಅವುಗಳನ್ನು ತಿನ್ನಲು ಹಾವುಮೀನು, ಹೀಗೆ ಸಂಸಾರ ಬೆಳೆಯುತ್ತೆ.

ಹಾಗಂತ ಹಡಗು ಮುಳುಗಿದರೆ ಒಳ್ಳೆಯದೇ ಅಂತ ಯಾರೂ ಹೇಳುವುದಿಲ್ಲ. 2022ರ ಜೂನಿನಲ್ಲಿ ನಮ್ಮ ಉಳ್ಳಾಲದ ಹತ್ತಿರ 'ಪ್ರಿನ್ಸೆಸ್ ಮಿರಾಲ್' ಮುಳುಗಿದಾಗ ಅದರ 15 ಜನರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಆದರೆ ಅದರ ಟ್ಯಾಂಕಿನ ಎಣ್ಣೆ ಸೋರಿದರೆ ಏನು ಗತಿ ಅಂತ ಇಡೀ ಕರಾವಳಿ ಹೆದರಿ ಕೂತಿತ್ತು. 2025ರ ಮೇ ತಿಂಗಳಲ್ಲಿ ಕೇರಳದ ಕಡೆ 'ಎಂಎಸ್‌ಸಿ ಎಲ್ಸಾ 3' ಮುಳುಗಿ ಪ್ಲಾಸ್ಟಿಕ್ ಕಾಳುಗಳು ದಡಕ್ಕೆ ಬಂದು ಬಿದ್ದವು. ಹಿಸ್ಪಾನಿಯಾ ಇವತ್ತು ತೋಟ ಆಗಿರುವುದು ಎಪ್ಪತ್ತು ವರ್ಷದ ನಂತರ. ಅದೂ ಶಾಶ್ವತ ಅಲ್ಲ. ಉಕ್ಕನ್ನು ತುಕ್ಕು ತಿನ್ನುತ್ತಲೇ ಇದೆ, ಒಂದು ದಿನ ಕುಸಿದು ಬೀಳುತ್ತೆ.

ಆ ವಾರ ಅಜ್ಜಿಗೆ ಫೋನ್ ಮಾಡಿದೆ. ಅವ್ವನಿಗೆ ಹೇಳುವ ಧೈರ್ಯ ಇರಲಿಲ್ಲ ನೋಡಿ. ವೀಡಿಯೋ ಕಾಲ್‌ನಲ್ಲಿ ಜೊತೆಗಾರ ತೆಗೆದ ಫೋಟೋಗಳನ್ನೂ ತೋರಿಸಿದೆ.

"ನೀರೊಳ್ಗೆ ಹೂವಾ ಮಗ?"

"ಹೂವಲ್ಲ ಅಜ್ಜಿ, ಪ್ರಾಣಿ. ಹೂವಿನ್ ಥರ ಕಾಣ್ತದೆ."

"ಕಚ್ತದಾ?"

"ಸಣ್ಣಪುಟ್ಟ ಹುಳ ಹಿಡ್ಕೊಂಡು ತಿಂತದೆ. ನಮಗೇನೂ ಮಾಡಲ್ಲ."

ಅಷ್ಟು ಹೇಳಿ, ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಬಿಟ್ಟೆ. "ಅಜ್ಜಿ, ನಮ್ಮ ಹಳೇ ಮನೆ ಹಿಂಗೆ ಇರಲ್ಲ ಅಲ್ವಾ?" ಉತ್ತರ ನನಗೇ ಗೊತ್ತಿತ್ತು. ಸಮುದ್ರದ ಈ ಅನೆಮನಿಗಳು ಸಿಹಿನೀರಿನಲ್ಲಿ ಬದುಕುವುದಿಲ್ಲ. ಕಟ್ಟೆಯಲ್ಲಿ ನೀರು ಒಂದು ವರ್ಷ ಏರಿ ಇನ್ನೊಂದು ವರ್ಷ ಇಳಿಯುತ್ತೆ, ಹೊಳೆಗಳು ಹೂಳು ತಂದು ಸುರಿಯುತ್ತಲೇ ಇರುತ್ತವೆ. ಇವೆಲ್ಲ ಅಜ್ಜಿಗೆ ಹೇಗೆ ಹೇಳುವುದು ಅಂತ ತಡವರಿಸುತ್ತಿದ್ದೆ.

"ಮಣ್ಣಿನ್ ಗ್ವಾಡೆ ಕಣ್ ಮಗ," ಅಂದಳು. "ಮೊದಲ್ನೇ ಮಳೆಗಾಲಕ್ಕೇ ಕರಗೋಗಿರ್ತದೆ. ಅಷ್ಟೂ ಗೊತ್ತಿಲ್ವಾ ನಂಗೆ?"

ಇಷ್ಟು ವರ್ಷ ನೀರಿನಡಿ ಮನೆಯನ್ನು ಹಾಗೇ ನಿಲ್ಲಿಸಿಕೊಂಡಿದ್ದವನು ನಾನು, ಅವಳಲ್ಲ. ಮತ್ತೆ ಕ್ಯಾಪ್ಟನ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿಮ್ ತಾತನ್ ತಾತನೂ ಹಂಗೇ ಜಗಲಿ ಮ್ಯಾಲ್ ಕೂತಿದ್ರಂತೆ. ನೀರು ಹಿತ್ತಲಿಗೆ ಬಂದ್ರೂ ಏಳ್ಲಿಲ್ವಂತೆ. ನಮ್ಮತ್ತೆ ಹೇಳೋರು. ಊರೋರೆಲ್ಲ ಸೇರಿ ಬೈದು, ರಟ್ಟೆ ಹಿಡ್ದು ಎಳ್ಕಂಡು ಗಾಡಿ ಮ್ಯಾಲೆ ಕೂರ್ಸಿದ್ರಂತೆ. ನಮ್ ಮಾವ ಹುಟ್ಟಿದ್ದು ಅದಾದ್ ಮ್ಯಾಲೆ, ಈ ಹೊಸೂರಲ್ಲಿ." ಆಮೇಲೆ ಅಂದಳು, "ಆ ಯಜಮಾನನ್ನೂ ಯಾರಾರ ರಟ್ಟೆ ಹಿಡ್ದು ಎಳೀಬೇಕಿತ್ತು ಕಣ್ ಮಗ. ಹಡ್ಗ ಹೋದ್ರೆ ಇನ್ನೊಂದ್ ಕಟ್ಬೋದಿತ್ತು."

ಈ ವಿಷಯ ನಾನು ಅದೇ ಮೊದಲ ಸಲ ಕೇಳಿದ್ದು. ಇಪ್ಪತ್ತೆಂಟು ವರ್ಷ ಅದೇ ಅಜ್ಜಿಯ ಕೈ ಮುದ್ದೆ ತಿಂದವನಿಗೆ, ಸ್ವೀಡನ್ನಿನ ಒಬ್ಬ ಕ್ಯಾಪ್ಟನ್ನಿನ ಕಥೆ ಹೇಳಿದ ಮೇಲೆ, ತನ್ನ ಮನೆತನದ ಕಥೆ ಸಿಕ್ಕಿತು. ಆ ಮುತ್ತಜ್ಜನ ಹೆಸರು ಕೇಳಿ ಬರೆದಿಟ್ಟುಕೊಂಡೆ. ಹಳೇ ಮನೆ ಯಾವ ಬೀದಿ, ದೇವಸ್ಥಾನದಿಂದ ಎಷ್ಟು ದೂರ, ಗಾಡಿಯಲ್ಲಿ ಏನೇನು ಹೇರಿಕೊಂಡು ಬಂದರು, ಅತ್ತೆ ಹೇಳಿದ್ದರಲ್ಲಿ ಅವಳಿಗೆ ಎಷ್ಟು ನೆನಪಿದೆಯೋ ಅಷ್ಟನ್ನೂ ವಾರಕ್ಕೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಕೆಲವು ದಿನ ನೆನಪು ಚೆನ್ನಾಗಿರುತ್ತೆ, ಕೆಲವು ದಿನ "ಮರ್ತೋಯ್ತು ಮಗ, ನಾಳೆ ಕೇಳು" ಅನ್ನುತ್ತಾಳೆ.

ಓದುತ್ತಿರುವ ನಿಮ್ಮಲ್ಲೂ ಲಿಂಗನಮಕ್ಕಿಯ ಕಡೆಯವರು, ತುಂಗಭದ್ರೆಯ ಕಡೆಯವರು, ಆಲಮಟ್ಟಿ ನೀರಿಗೆ ಹಳೇ ಬಾಗಲಕೋಟೆಯ ಬೀದಿ ಬಿಟ್ಟುಕೊಟ್ಟವರು ಇದ್ದೀರಿ ಅಂತ ಗೊತ್ತು. ನಿಮ್ಮ ಮನೆಯ ಹಿರಿಯರನ್ನೂ ಒಂದು ಸಲ ಕೇಳಿ. ಬರೆದರೆ ಲಿಂಕ್ ಕಳಿಸಿ, ಖಂಡಿತ ಓದುತ್ತೇನೆ. ಅಷ್ಟರಲ್ಲಿ ಈ ಪೋಸ್ಟ್ ಅವ್ವನ ಕಣ್ಣಿಗೆ ಬೀಳದಿದ್ದರೆ ಸಾಕು :)